ವೆಬ್‌ಸೈಟಿನ ಕುಕೀ: ಗಿರಾಕಿಯ ಲೆಕ್ಕ ಯಾರ ಪುಸ್ತಕದಲ್ಲಿ?

ನಮ್ಮ ಸದಸ್ಯ ಬಂಧುಗಳಲ್ಲಿ ಈಗ ಬಹಳ ಮಂದಿಗೆ ಸ್ವಂತ ವೆಬ್‌ಸೈಟ್ ಇದೆ. ಮದುವೆ, ಮುಂಜಿ, ಗೃಹಪ್ರವೇಶದ ಆರ್ಡರು ಹಿಡಿಯುವವರಂತೂ ವಿಸಿಟಿಂಗ್ ಕಾರ್ಡಿನಲ್ಲಿ ಅದರ ವಿಳಾಸ ಹಾಕದೆ ಇರುವುದಿಲ್ಲ. ನಾವೂ ನಾಲ್ಕು ವರ್ಷದ ಹಿಂದೆ ಮಾಡಿಸಿದೆವು. ಮೇನು, ಫೋಟೋ, ಎಲೆಗೆ ಎಷ್ಟು ದರ, ವಿಚಾರಿಸುವವರಿಗೆ ಹೆಸರು ನಂಬರು ತುಂಬಲು ಒಂದು ಫಾರಂ. ಅದರ ತಳದಲ್ಲಿ ‘ಈ ವೆಬ್‌ಸೈಟ್ ಕುಕೀ ಬಳಸುತ್ತದೆ’ ಎಂದು ಇಂಗ್ಲಿಷಿನಲ್ಲಿ ಒಂದು ಪಟ್ಟಿ ಬರುತ್ತಿತ್ತು, ಪಕ್ಕದಲ್ಲಿ ‘ಓಕೆ’ ಎಂಬ ಒಂದೇ ಗುಂಡಿ. ಇದೇನಪ್ಪ ಎಂದು ವೆಬ್‌ಸೈಟ್ ಮಾಡಿಕೊಟ್ಟ ಹುಡುಗನನ್ನು ಕೇಳಿದಾಗ ‘ಎಲ್ಲರೂ ಹಾಕ್ತಾರೆ ಸೇಠ್’ ಎಂದ. ಎಲ್ಲರೂ ಹಾಕುತ್ತಾರೆಂದರೆ ಸರಿಯೇ ಇರಬೇಕು ಎಂದು ನಾವೂ ಸುಮ್ಮನಾದೆವು. ಎಣ್ಣೆ ಡಬ್ಬದ ಮುಚ್ಚಳ ತೆಗೆದು ಮೂಸಿ ನೋಡದೆ ಅಡಿಗೆಮನೆಗೆ ಬಿಡದವರು, ಇದನ್ನು ಮಾತ್ರ ಮೂಸಿ ನೋಡಲಿಲ್ಲ.

ಕಳೆದ ಮಳೆಗಾಲದಲ್ಲಿ ನಮ್ಮ ಹೋಟೆಲಿಗೆ ಇಪ್ಪತ್ತೈದು ವರ್ಷದಿಂದ ಬರುತ್ತಿದ್ದ ಹಿರಿಯರೊಬ್ಬರು ತೀರಿಕೊಂಡರು. ಬ್ಯಾಂಕಿನಿಂದ ನಿವೃತ್ತರಾದವರು, ಕುಂದಾಪುರ ಕಡೆಯವರು. ಬೆಳಿಗ್ಗೆ ಏಳೂಕಾಲಿಗೆ ಬಂದು ಕಿಟಕಿ ಬದಿಯ ಟೇಬಲಿನಲ್ಲಿ ಕೂತರೆ ಎರಡು ಇಡ್ಲಿ, ಸಕ್ಕರೆ ಕಮ್ಮಿ ಕಾಫಿ. ಹೇಳುವ ಅಗತ್ಯವೇ ಇರಲಿಲ್ಲ, ಮಾಣಿ ತಂದಿಡುತ್ತಿದ್ದ. ಅವರು ಹೋದ ನಾಲ್ಕನೆಯ ದಿನ ಮಗ, ವೈಕುಂಠ ಸಮಾರಾಧನೆಯ ಊಟದಲ್ಲಿ ನಾವು ಏನೇನು ಬಡಿಸುತ್ತೇವೆ ಎಂದು ತಾಯಿಯ ಫೋನಿನಲ್ಲಿ ನಮ್ಮ ವೆಬ್‌ಸೈಟ್ ತೆರೆದು ನೋಡಿದ್ದಾರೆ. ಊಟ ನಾವೇ ಮಾಡಿಕೊಟ್ಟೆವು. ಎಂಬತ್ತು ಎಲೆ, ಯಾವ ಕೊರತೆಯೂ ಆಗಲಿಲ್ಲ.

ತಿಂಗಳು ಕಳೆದ ಮೇಲೆ ಒಂದು ದಿನ ಮಧ್ಯಾಹ್ನದ ಊಟದ ಗದ್ದಲ ಮುಗಿದ ಹೊತ್ತಿಗೆ ಆ ಮಗನ ಫೋನು ಬಂತು. ‘ಭಟ್ರೇ, ಒಂದು ಮಾತು ಹೇಳ್ಬೇಕಿತ್ತು, ಬೇಜಾರು ಮಾಡ್ಬೇಡಿ. ಅಮ್ಮ ಬೆಳಿಗ್ಗೆ ಎದ್ದು ಫೋನಿನಲ್ಲಿ ಪಂಚಾಂಗ ನೋಡ್ತಾರೆ. ಅದರ ಕೆಳಗೆ ದಿನಾ ನಿಮ್ಮ ಜಾಹೀರಾತು ಬರ್ತದೆ. ಉತ್ತರಕ್ರಿಯೆ ಊಟಕ್ಕೆ ಈಗಲೇ ಬುಕ್ ಮಾಡಿ, ನೂರು ಎಲೆಗೆ ಮೇಲಾದ್ರೆ ರಿಯಾಯಿತಿ ಅಂತ. ಅಮ್ಮ ಏನೂ ಹೇಳುವುದಿಲ್ಲ, ಫೋನು ಬದಿಗಿಟ್ಟು ಒಳಗೆ ಹೋಗ್ತಾರೆ. ಅದೊಂದು ನಿಲ್ಲಿಸಿದ್ರೆ ಉಪಕಾರ ಆಗ್ತಿತ್ತು.’

ಅಂಥ ಜಾಹೀರಾತು ನಾವು ಕೊಟ್ಟೇ ಇಲ್ಲ ಎಂದು ಹೇಳಿ ಫೋನು ಇಟ್ಟೆವು. ಆಮೇಲೆ ವಿಚಾರಿಸಿದರೆ ಕೊಟ್ಟವರು ನಾವೇ. ‘ಪ್ರಚಾರ’ ಎಂದು ತಿಂಗಳಿಗೆ ಮೂರು ಸಾವಿರದಂತೆ ಆ ಹುಡುಗನಿಗೆ ಕೊಡುತ್ತಿದ್ದೆವಲ್ಲ, ಅದರಲ್ಲೇ ಇದೂ ಸೇರಿತ್ತು. ನಮ್ಮ ವೆಬ್‌ಸೈಟಿನಲ್ಲಿ ಯಾರು ಯಾವ ಪುಟ ನೋಡಿದರೋ ಅವರಿಗೆ ಅದೇ ಬಾಬತ್ತಿನ ಜಾಹೀರಾತು, ಅವರು ಬೇರೆಲ್ಲಿ ಹೋದರೂ ಹಿಂದೆಯೇ ಹೋಗುತ್ತದೆ. ಇದಕ್ಕೆ ರಿಮಾರ್ಕೆಟಿಂಗ್ ಎನ್ನುತ್ತಾರಂತೆ. ಮದುವೆ ಪುಟ ನೋಡಿದವರಿಗೆ ಮದುವೆಯದು, ಉತ್ತರಕ್ರಿಯೆಯ ಪುಟ ನೋಡಿದವರಿಗೆ ಉತ್ತರಕ್ರಿಯೆಯದು. ಯಂತ್ರಕ್ಕೆ ಎರಡೂ ಒಂದೇ. ಆ ಅಮ್ಮನ ಮನೆಗೆ ಹೋಗಿ ಕ್ಷಮೆ ಕೇಳಿ ಬಂದೆವು. ಅವರು ಕಾಫಿ ಮಾಡಿಕೊಟ್ಟರು, ಆ ವಿಷಯ ಎತ್ತಲಿಲ್ಲ.

ಅಂದಿನಿಂದ ಈ ಕುಕೀ ಎಂದರೇನು ಎಂದು ತಿಳಿಯಲು ಕೂತೆವು. ನಮ್ಮ ತಂಗಿಯ ಮಗ ಪುಣೆಯಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ, ಎರಡು ಭಾನುವಾರ ಬಂದು ವಿವರಿಸಿದ. ಹತ್ತನೆಯ ಕ್ಲಾಸಿಗೆ ನಿಲ್ಲಿಸಿದವರಿಗೆ ಅರ್ಥವಾದ ಮೇಲೆ ಬೇರೆಯವರಿಗೆ ಆಗದೆ ಇರುವುದಿಲ್ಲ, ಆದ್ದರಿಂದ ಬರೆಯುತ್ತಿದ್ದೇವೆ.

ವೆಬ್‌ಸೈಟ್ ಎಂಬುದು ಮರೆವಿನ ಮಾಣಿ. ಗಿರಾಕಿ ಮಸಾಲೆ ದೋಸೆ ಹೇಳಿದ, ಮಾಣಿ ಒಳಗೆ ಹೋಗಿ ಬಂದ. ಗಿರಾಕಿ ಈಗ ಕಾಫಿ ಹೇಳಿದರೆ ‘ನೀವು ಯಾರು, ಯಾವ ಟೇಬಲು?’ ಎಂದು ಕೇಳುತ್ತಾನೆ. ಪ್ರತಿ ಸಲವೂ ಹೊಸ ಮುಖ. ಹಾಗಿದ್ದರೆ ಬಿಲ್ಲು ಬರೆಯುವುದು ಹೇಗೆ? 1994ರಲ್ಲಿ ಅಮೆರಿಕದ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಲೂ ಮಾಂಟುಲಿ ಎಂಬ ಎಂಜಿನಿಯರು ಇದಕ್ಕೆ ಒಂದು ಉಪಾಯ ಮಾಡಿದರು. ಗಿರಾಕಿಯ ಕಂಪ್ಯೂಟರಿನಲ್ಲೇ ಒಂದು ಸಣ್ಣ ಚೀಟಿ ಇಟ್ಟುಬಿಡುವುದು. ಅವನು ಮತ್ತೆ ಏನಾದರೂ ಕೇಳಿದಾಗ ಆ ಚೀಟಿ ತಾನಾಗಿ ತೋರಿಸಲ್ಪಡುತ್ತದೆ, ಮಾಣಿ ಅದನ್ನು ಓದಿ ‘ಓ, ನಾಲ್ಕನೆಯ ಟೇಬಲು’ ಎಂದುಕೊಳ್ಳುತ್ತಾನೆ. ಈ ಚೀಟಿಯೇ ಕುಕೀ. ಬಿಸ್ಕತ್ತಿಗೂ ಇದಕ್ಕೂ ಸಂಬಂಧವಿಲ್ಲ, ಕಂಪ್ಯೂಟರಿನವರು ಹೀಗೆ ಕೈಯಿಂದ ಕೈಗೆ ಹೋಗುವ ಗುರುತಿಗೆ ಮೊದಲೇ ‘ಮ್ಯಾಜಿಕ್ ಕುಕೀ’ ಎನ್ನುತ್ತಿದ್ದರಂತೆ, ಆ ಹೆಸರೇ ನಿಂತಿತು.

ಇಷ್ಟರವರೆಗೆ ಯಾವ ದೋಷವೂ ಇಲ್ಲ. ಗಿರಾಕಿ ಆರಿಸಿದ ಪದಾರ್ಥ ಪಟ್ಟಿಯಲ್ಲಿ ಉಳಿಯಬೇಕು, ಮರಾಠಿ ಆರಿಸಿಕೊಂಡವರಿಗೆ ಮರಾಠಿಯಲ್ಲೇ ಪುಟ ಬರಬೇಕು ಎಂದರೆ ಚೀಟಿ ಬೇಕೇ ಬೇಕು. ನಾವು ಪಾರ್ಸೆಲ್ ಕೌಂಟರಿನಲ್ಲಿ ಟೋಕನ್ ಕೊಡುವುದಿಲ್ಲವೇ, ಹಾಗೆ. ಕೆಲವು ಟೋಕನ್ ಬ್ರೌಸರ್ ಮುಚ್ಚಿದ ಕೂಡಲೆ ಅಳಿದು ಹೋಗುತ್ತದೆ, ಕೆಲವು ತಿಂಗಳುಗಟ್ಟಲೆ ಇರುತ್ತದೆ. ಕ್ರೋಮ್ ಬ್ರೌಸರಿನಲ್ಲಿ 2022ರಿಂದ 400 ದಿನದ ಮಿತಿ ಹಾಕಿದ್ದಾರೆ. ಒಂದು ಇಡ್ಲಿ ಟೋಕನಿಗೆ 400 ದಿನ ಯಾಕೆ ಎಂದು ಕೇಳಿದರೆ ಅಳಿಯ ನಕ್ಕ.

ತೊಂದರೆ ಇರುವುದು ಮೂರನೆಯವರ ಚೀಟಿಯಲ್ಲಿ. ಇದನ್ನು ನಮ್ಮ ಕಸುಬಿನ ಮಾತಿನಲ್ಲೇ ಹೇಳುತ್ತೇವೆ. ತಂಪುಪಾನೀಯದ ಕಂಪನಿಯವರು ಪುಕ್ಕಟೆ ಫ್ರಿಡ್ಜ್ ಇಟ್ಟು ಹೋಗುತ್ತಾರೆ. ಕರೆಂಟು ನಮ್ಮದು, ಜಾಗ ನಮ್ಮದು, ಹಲಗೆಯ ಮೇಲೆ ಹೆಸರು ಅವರದು. ಆದರೂ ನಮಗೆ ಲಾಭ ಉಂಟೆಂದು ಇಟ್ಟುಕೊಳ್ಳುತ್ತೇವೆ. ಈಗ ಆ ಫ್ರಿಡ್ಜಿಗೆ ಒಂದು ಕಣ್ಣಿದೆ ಎಂದುಕೊಳ್ಳಿ. ಒಳಗೆ ಬಂದ ಪ್ರತಿಯೊಬ್ಬನ ಕಿಸೆಗೂ ಅದು ತನ್ನ ನಂಬರಿನ ಒಂದು ಚೀಟಿ ತುರುಕುತ್ತದೆ. ಅದೇ ಕಂಪನಿಯ ಫ್ರಿಡ್ಜ್ ಎದುರಿನ ಔಷಧದಂಗಡಿಯಲ್ಲೂ ಇದೆ, ಆಸ್ಪತ್ರೆಯಲ್ಲೂ ಇದೆ, ಜವಳಿ ಅಂಗಡಿಯಲ್ಲೂ ಇದೆ. ಪ್ರತಿ ಕಡೆಯೂ ಚೀಟಿಯ ನಂಬರು ಓದಿ ಬರೆದುಕೊಳ್ಳುತ್ತದೆ. ಸಂಜೆ ಆ ಕಂಪನಿಯ ಗೋಡೌನಿನಲ್ಲಿ ಎಲ್ಲ ಕೂಡಿಸಿದರೆ ಅವನು ಬೆಳಿಗ್ಗೆ ಆಸ್ಪತ್ರೆಗೆ ಹೋಗಿದ್ದ, ಮಧ್ಯಾಹ್ನ ಸಕ್ಕರೆ ಕಾಯಿಲೆಯ ಮಾತ್ರೆ ಕೊಂಡ, ಸಂಜೆ ನಮ್ಮಲ್ಲಿ ಜಿಲೇಬಿ ತಿಂದ ಎಂಬುದೆಲ್ಲ ಒಂದೇ ಹಾಳೆಯಲ್ಲಿ ಬಂದುಬಿಡುತ್ತದೆ. ಹೆಸರು ಬರೆಯದೆ ಇರಬಹುದು, ನಂಬರು ಇದೆಯಲ್ಲ.

ವೆಬ್‌ಸೈಟಿನಲ್ಲಿ ಇಂಥ ಫ್ರಿಡ್ಜ್ ಹಲವು ವೇಷದಲ್ಲಿ ಕೂತಿರುತ್ತದೆ. ಜಾಹೀರಾತು ಕಂಪನಿ ಕೊಡುವ ನಾಲ್ಕು ಸಾಲಿನ ಕೋಡು, ‘ಲೈಕ್’ ಗುಂಡಿ, ಪುಟದಲ್ಲೇ ಓಡುವ ವಿಡಿಯೋ, ಎಷ್ಟು ಜನ ಬಂದರೆಂದು ಎಣಿಸುವ ಪುಕ್ಕಟೆ ಸವಲತ್ತು. ಪಿಕ್ಸೆಲ್ ಎಂಬುದೊಂದಿದೆ, ಸಾಸಿವೆ ಕಾಳಿಗಿಂತ ಚಿಕ್ಕ, ಕಣ್ಣಿಗೆ ಕಾಣದ ಚಿತ್ರ. ಅದು ಬೇರೆ ಕಂಪನಿಯ ಕಂಪ್ಯೂಟರಿನಿಂದ ಬರಬೇಕಾದ್ದರಿಂದ, ನಮ್ಮ ಪುಟ ತೆರೆದ ಕ್ಷಣವೇ ಆ ಕಂಪನಿಗೆ ಸುದ್ದಿ ಹೋಗುತ್ತದೆ. ಇನ್ನು ಚೀಟಿಯನ್ನೇ ಇಡದೆ ಗುರುತು ಹಿಡಿಯುವ ವಿದ್ಯೆಯೂ ಇದೆ. ಫೋನಿನ ಪರದೆಯ ಅಳತೆ, ಅದರಲ್ಲಿರುವ ಅಕ್ಷರಗಳ ಬಗೆ, ಭಾಷೆ, ಬ್ರೌಸರಿನ ನಮೂನೆ ಎಲ್ಲ ಕೂಡಿಸಿ ಬೆರಳಚ್ಚಿನಂತೆ ಮಾಡಿಕೊಳ್ಳುತ್ತಾರೆ. ಚೀಟಿಯಾದರೆ ಅಳಿಸಬಹುದು, ಇದನ್ನು ಗಿರಾಕಿ ಅಳಿಸುವ ಹಾಗಿಲ್ಲ.

ಮೂರನೆಯವರ ಕುಕೀ ಮುಗಿದೇಹೋಯಿತು ಎಂದು ಕೆಲವರು ಹೇಳುವುದುಂಟು. ಪೂರ್ತಿ ನಿಜವಲ್ಲ. ಆಪಲ್‌ನವರ ಸಫಾರಿ 2020ರಿಂದ ಅದನ್ನು ತಡೆಯುತ್ತದೆ, ಫೈರ್‌ಫಾಕ್ಸ್ ಕೂಡ 2019ರಿಂದ ಜನರ ಹಿಂದೆ ಬೀಳುವ ಕುಕೀಗಳನ್ನು ತಡೆಯುತ್ತಿದೆ. ಗೂಗಲ್ 2020ರಲ್ಲಿ ತನ್ನ ಕ್ರೋಮ್‌ನಲ್ಲಿ ಎರಡು ವರ್ಷದೊಳಗೆ ತೆಗೆಯುತ್ತೇವೆ ಎಂದಿತು, ಮುಂದೂಡುತ್ತ ಬಂತು, 2024ರ ಜುಲೈಯಲ್ಲಿ ಆ ಯೋಚನೆ ಕೈಬಿಟ್ಟಿತು. ನಮ್ಮ ಗಿರಾಕಿಗಳಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನು, ಅದರಲ್ಲಿ ಕ್ರೋಮ್.

ಈಗ ನಮ್ಮ ಮುಖ್ಯ ಮಾತಿಗೆ ಬರುತ್ತೇವೆ. ಮನೆಗೆ ಊಟ ತಲುಪಿಸುವ ಆ್ಯಪ್‌ಗಳ ಮೇಲೆ ನಮ್ಮ ಉದ್ಯಮದ ದೊಡ್ಡ ದೂರು ಏನು? ಕಮಿಷನ್ ಒಂದು. ಇನ್ನೊಂದು, ನಮ್ಮ ಅಡಿಗೆ ತಿನ್ನುವ ಗಿರಾಕಿ ಯಾರೆಂದು ನಮಗೇ ಹೇಳುವುದಿಲ್ಲ ಎಂಬುದು. 2021ರಲ್ಲಿ ರೆಸ್ಟೋರೆಂಟ್ ಮಾಲೀಕರ ರಾಷ್ಟ್ರೀಯ ಸಂಘವು ಸ್ಪರ್ಧಾ ಆಯೋಗಕ್ಕೆ ಕೊಟ್ಟ ದೂರಿನಲ್ಲಿ ಇದೂ ಒಂದು ಅಂಶವಾಗಿತ್ತು, 2022ರ ಏಪ್ರಿಲ್‌ನಲ್ಲಿ ಆ ದೂರಿನ ಮೇಲೆ ಆಯೋಗ ತನಿಖೆಗೆ ಆದೇಶ ಮಾಡಿತು. ನಮ್ಮ ಸಭೆಗಳಲ್ಲೂ ಈ ಮಾತು ಬಾರದ ದಿನವಿಲ್ಲ. ‘ಗಿರಾಕಿ ನಮ್ಮವನು, ಲೆಕ್ಕ ಅವರ ಪುಸ್ತಕದಲ್ಲಿ’ ಎಂದು ನಾವೇ ಎದ್ದು ನಿಂತು ಹೇಳಿದ್ದೇವೆ. ಹಾಗೆ ಹೇಳಿದ ದಿನವೂ ನಮ್ಮ ಸ್ವಂತ ವೆಬ್‌ಸೈಟು, ನಮ್ಮದೇ ಹಣದಲ್ಲಿ, ನಮ್ಮ ಗಿರಾಕಿಗಳ ಓಡಾಟವನ್ನು ಮೂರು ನಾಲ್ಕು ಕಂಪನಿಗಳಿಗೆ ಬರೆದು ಕಳಿಸುತ್ತಿತ್ತು. ಯಾವ ಮನೆಯಲ್ಲಿ ಮದುವೆ ಉಂಟು, ಯಾವ ಮನೆಯಲ್ಲಿ ಸಾವಾಗಿದೆ ಎಂಬ ಸುದ್ದಿ. ಕೇಟರಿಂಗಿನವರಿಗೆ ಇಂಥ ಸುದ್ದಿ ನೆಂಟರಿಷ್ಟರಿಗಿಂತ ಮೊದಲೇ ತಿಳಿಯುತ್ತದೆ. ಹುಡುಗಿಯ ನಿಶ್ಚಿತಾರ್ಥ ಇನ್ನೂ ಊರಿಗೆ ಹೇಳಿರುವುದಿಲ್ಲ, ನಮ್ಮ ಹತ್ತಿರ ಎಲೆ ಲೆಕ್ಕ ಕೇಳಿರುತ್ತಾರೆ. ಹಿಂದೆ ಇಂಥದ್ದು ಗಲ್ಲಾ ದಾಟಿ ಹೋಗುತ್ತಿರಲಿಲ್ಲ.

ಹೀಗೆ ಹೇಳಿದಾಗ ಒಬ್ಬ ಮಿತ್ರರು ‘ಜನ ತಾವೇ ಎಲ್ಲ ಫೋಟೋ ಫೇಸ್‌ಬುಕ್ಕಿಗೆ ಹಾಕುತ್ತಾರೆ, ನಿಮಗೇಕೆ ಚಿಂತೆ’ ಎಂದರು. ಹಾಕುವವರು ಹಾಕಲಿ, ಅದು ಅವರ ಇಷ್ಟ. ನಮ್ಮ ಟೇಬಲಿನಲ್ಲಿ ಗಂಡ ಹೆಂಡಿರು ಜಗಳವಾಡಿದ್ದನ್ನು ನಾವು ಇನ್ನೊಂದು ಟೇಬಲಿಗೆ ಹೋಗಿ ಹೇಳುತ್ತೇವೆಯೇ? ಮತ್ತೊಬ್ಬರ ಮಾತು ಹೆಚ್ಚು ತೂಕದ್ದು. ‘ಜಾಹೀರಾತಿಲ್ಲದೆ ಆರ್ಡರು ಎಲ್ಲಿಂದ ಬರಬೇಕು? ದೊಡ್ಡ ದೊಡ್ಡ ಕೇಟರಿಂಗ್ ಕಂಪನಿಗಳು ಇದನ್ನೇ ಮಾಡಿ ಮುಂದೆ ಹೋಗುತ್ತಿವೆ’ ಎಂದರು. ಇದಕ್ಕೆ ನಮ್ಮಲ್ಲಿ ಪೂರ್ತಿ ಉತ್ತರವಿಲ್ಲ. ರಿಮಾರ್ಕೆಟಿಂಗಿನಿಂದ ನಮಗೂ ಕೆಲವು ಮದುವೆ ಸಿಕ್ಕಿವೆ, ಸುಳ್ಳು ಹೇಳಬಾರದು. ಜಾಹೀರಾತು ಬೇಡ ಎನ್ನುವುದಿಲ್ಲ. ಬಂದವನನ್ನು ಕೇಳದೆ ಅವನ ಬೆನ್ನಿಗೆ ಚೀಟಿ ಅಂಟಿಸುವುದು ಬೇಡ ಎನ್ನುತ್ತೇವೆ.

ಕೇಳುವುದು ಎಂದರೆ ಕೇಳಿದಂತೆ ಮಾಡುವುದಲ್ಲ. ‘ಓಕೆ’ ಎಂಬ ಒಂದೇ ಗುಂಡಿ ಇಟ್ಟರೆ ಅದು ಕೇಳಿದ್ದು ಹೇಗಾಯಿತು? ಯುರೋಪಿನಲ್ಲಿ ಇದರ ಮೇಲೆ ಬಹಳ ತಕರಾರು ನಡೆದಿದೆ. ಈ ಪಟ್ಟಿಗಳು ಹುಟ್ಟಿಕೊಂಡಿದ್ದೇ ಅಲ್ಲಿನ 2002ರ ನಿರ್ದೇಶನದಿಂದ, 2009ರಲ್ಲಿ ಅದನ್ನು ಬಿಗಿ ಮಾಡಿದರು. ಮೊದಲೇ ಟಿಕ್ ಹಾಕಿಟ್ಟ ಚೌಕವನ್ನು ಒಪ್ಪಿಗೆ ಎನ್ನಲಾಗದು ಎಂದು 2019ರ ಅಕ್ಟೋಬರ್ 1ರಂದು ಅಲ್ಲಿನ ನ್ಯಾಯಾಲಯ ತೀರ್ಪು ಕೊಟ್ಟಿತು. 2022ರ ಜನವರಿಯಲ್ಲಿ ಫ್ರಾನ್ಸಿನ ಪ್ರಾಧಿಕಾರವು ಗೂಗಲ್‌ಗೆ 15 ಕೋಟಿ ಯೂರೋ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ಹಾಕಿತು. ಕಾರಣ, ‘ಒಪ್ಪುತ್ತೇನೆ’ ಎನ್ನಲು ಒಂದೇ ಒತ್ತು ಸಾಕು, ‘ಬೇಡ’ ಎನ್ನಲು ಹಲವು ಸಲ ಒತ್ತಬೇಕು. ನಮ್ಮಲ್ಲಿ ಸರ್ವಿಸ್ ಚಾರ್ಜಿನ ವಿಷಯದಲ್ಲಿ ಆದದ್ದು ಹೆಚ್ಚು ಕಡಿಮೆ ಇದೇ. ಬಿಲ್ಲಿನಲ್ಲಿ ತಾನಾಗಿ ಸೇರಿಸಬಾರದು ಎಂದು 2022ರ ಜುಲೈಯಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೇಳಿತು, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟು ಅದನ್ನು ಎತ್ತಿ ಹಿಡಿಯಿತು. ಆ ತೀರ್ಪು ನಮಗೆ ರುಚಿಸಲಿಲ್ಲ, ಆದರೆ ತರ್ಕ ಅರ್ಥವಾಗುತ್ತದೆ.

ನಮ್ಮ ದೇಶದ ಕಾನೂನೂ ಬಾಗಿಲಿಗೆ ಬಂದಿದೆ. ಇದರ ಬೇರು ಹುಡುಕಿದರೆ ನಮ್ಮ ನಾಡಿನವರೊಬ್ಬರು ಸಿಗುತ್ತಾರೆ ಎಂಬುದು ಸಂತೋಷದ ವಿಷಯ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಎಂದರು. ಆಮೇಲೆ ಬಂದದ್ದು ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆ, 2023. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಮುಖ್ಯ ಕಲಮುಗಳಿಗೆ ಅಲ್ಲಿಂದ 18 ತಿಂಗಳ ಗಡುವು. ಕಾಯ್ದೆಯಲ್ಲಿ ಕುಕೀ ಎಂಬ ಶಬ್ದವೇ ಇಲ್ಲ. ಆದರೆ ಒಬ್ಬ ಮನುಷ್ಯನನ್ನು ಗುರುತಿಸಬಹುದಾದ ಯಾವ ಮಾಹಿತಿಯಾದರೂ ಅದರೊಳಗೆ ಬರುತ್ತದೆ. ಒಪ್ಪಿಗೆ ಸ್ವಇಚ್ಛೆಯದಾಗಿರಬೇಕು, ಯಾವ ಉದ್ದೇಶಕ್ಕೆಂದು ಸ್ಪಷ್ಟವಿರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂದೆ ಪಡೆಯುವಂತಿರಬೇಕು. ಸೂಚನೆಯನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಾಗಲಿ ಓದುವ ಅವಕಾಶ ಗಿರಾಕಿಗೆ ಇರಬೇಕು. ಅದರಲ್ಲಿ ಕನ್ನಡವೂ ಇದೆ, ಮರಾಠಿಯೂ ಇದೆ. 18 ವರ್ಷದೊಳಗಿನ ಮಕ್ಕಳನ್ನು ಹಿಂಬಾಲಿಸುವ ಜಾಹೀರಾತಿಗೆ ನಿಷೇಧವಿದೆ, ಹುಟ್ಟುಹಬ್ಬದ ಪಾರ್ಟಿ ಆರ್ಡರು ಹಿಡಿಯುವವರು ಗಮನಿಸಬೇಕು. ಮಾಹಿತಿಯನ್ನು ಭದ್ರವಾಗಿಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ನಮ್ಮಂಥವರಿಗೆ ಅಷ್ಟು ಹಾಕುವುದಿಲ್ಲ ಎಂದುಕೊಂಡರೂ, ‘ವೆಬ್‌ಸೈಟ್ ಮಾಡಿದ ಹುಡುಗ ಹಾಕಿದ್ದು, ನಮಗೆ ಗೊತ್ತಿಲ್ಲ’ ಎಂಬ ಸಬೂಬು ನಡೆಯುವುದಿಲ್ಲ. ನಮ್ಮ ಪರವಾಗಿ ಕೆಲಸ ಮಾಡುವವನ ಹೊಣೆಯೂ ನಮ್ಮದೇ ಎಂದು ಕಾಯ್ದೆ ಹೇಳುತ್ತದೆ. ಬಿಲ್ಲಿನ ಮೇಲೆ ಎಫ್‌ಎಸ್‌ಎಸ್‌ಎಐ ನಂಬರು ಹಾಕಬೇಕೆಂಬ ನಿಯಮ 2022ರ ಜನವರಿಯಲ್ಲಿ ಜಾರಿಯಾದಾಗ ಕೊನೆಯ ವಾರ ಪ್ರಿಂಟಿಂಗ್ ಪ್ರೆಸ್ಸಿನ ಮುಂದೆ ಸಾಲು ನಿಂತದ್ದು ನಮಗಂತೂ ನೆನಪಿದೆ.

ನಾವು ಏನು ಮಾಡಿದೆವು ಎಂದು ಹೇಳುತ್ತೇವೆ. ಕಂಪ್ಯೂಟರಿನಲ್ಲಿ ನಮ್ಮ ವೆಬ್‌ಸೈಟ್ ತೆರೆದು, ವಿಳಾಸದ ಎಡಬದಿಯ ಸಣ್ಣ ಗುರುತನ್ನು ಒತ್ತಿದರೆ ಕುಕೀಗಳ ವಿವರ ಬರುತ್ತದೆ, ಯಾರು ಬೇಕಾದರೂ ನೋಡಬಹುದು. ನಮ್ಮಲ್ಲಿ 23 ಇದ್ದವು, ಅದರಲ್ಲಿ ನಮ್ಮವು ನಾಲ್ಕು. ಉಳಿದ 19 ಯಾರ ಯಾರದ್ದೋ. ಎರಡು ಕಂಪನಿಗಳ ಹೆಸರು ಹುಡುಗನಿಗೂ ಗೊತ್ತಿರಲಿಲ್ಲ, ಯಾವುದೋ ರೆಡಿಮೇಡ್ ನಮೂನೆಯ ಜೊತೆ ಬಂದಿರಬೇಕು ಎಂದ. ನಮ್ಮ ಅಡಿಗೆಮನೆಯಲ್ಲಿ ಗೊತ್ತಿಲ್ಲದ ಇಬ್ಬರು ನಾಲ್ಕು ವರ್ಷ ಓಡಾಡಿದ ಹಾಗೆ. ಆ 19ನ್ನೂ ತೆಗೆಸಿದೆವು. ವಿಡಿಯೋ ಬದಲು ಫೋಟೋ ಹಾಕಿದೆವು. ಎಷ್ಟು ಜನ ಬಂದರೆಂಬ ಎಣಿಕೆ ಬೇಕಿತ್ತು, ಅದನ್ನು ಕುಕೀ ಇಲ್ಲದೆ ಎಣಿಸುವ ಸಲಕರಣೆ ಇದೆ, ಅದನ್ನು ಹಾಕಿಸಿದೆವು. ವಿಚಾರಣೆ ಫಾರಂನಲ್ಲಿ ಹುಟ್ಟಿದ ದಿನಾಂಕ ಕೇಳುತ್ತಿದ್ದದ್ದನ್ನು ತೆಗೆದೆವು, ಅದು ಯಾಕಿತ್ತು ಎಂದು ಈಗಲೂ ತಿಳಿಯದು. ಉತ್ತರಕ್ರಿಯೆ, ಶ್ರಾದ್ಧದ ಊಟದ ಪುಟದಲ್ಲಿ ಫಾರಂ ಕೂಡ ಇಲ್ಲ, ಮೇನು ಮತ್ತು ಫೋನ್ ನಂಬರು ಮಾತ್ರ.

ಜಾಹೀರಾತಿನವರ ಕೋಡು ತೆಗೆದ ಮೇಲೆ ಎರಡು ತಿಂಗಳು ವಿಚಾರಣೆ ಕಮ್ಮಿಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಶ್ರಾವಣದಲ್ಲಿ ಮತ್ತೆ ಏರಿತು. ಹಬ್ಬದ ಋತುವಿನಿಂದ ಏರಿತೋ ಬೇರೆ ಕಾರಣವೋ ಹೇಳಲಾರೆವು. ಮೂರು ಸಾವಿರದಲ್ಲಿ ಈಗ ಹತ್ತಿರದ ಮೂರು ಕಲ್ಯಾಣ ಮಂಟಪಗಳ ಕ್ಯಾಲೆಂಡರಿನಲ್ಲಿ ನಮ್ಮ ಹೆಸರು ಹಾಕಿಸುತ್ತಿದ್ದೇವೆ.

ಎಲ್ಲ ಸದಸ್ಯರೂ ಒಬ್ಬೊಬ್ಬರಾಗಿ ವಕೀಲರನ್ನು ಹಿಡಿದು ಸೂಚನೆ ಬರೆಸುವುದು ವ್ಯರ್ಥ ಖರ್ಚು. ಸಂಘದ ವತಿಯಿಂದಲೇ ಒಂದು ಮಾದರಿ ಸೂಚನೆ, ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ, ಅರ್ಧ ಪುಟ ಮೀರದಂತೆ ಬರೆಸಬೇಕೆಂದು ಕಾರ್ಯಕಾರಿ ಸಮಿತಿಗೆ ನಮ್ಮ ವಿನಂತಿ. ಅದರಲ್ಲಿ ‘ಬೇಡ’ ಎಂಬ ಗುಂಡಿ ‘ಆಗಲಿ’ ಎಂಬ ಗುಂಡಿಯಷ್ಟೇ ದೊಡ್ಡದಿರಲಿ. ವೆಬ್‌ಸೈಟ್ ಮಾಡಿಸುವಾಗ ಗುತ್ತಿಗೆ ಪತ್ರದಲ್ಲಿ ‘ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ಮೂರನೆಯವರ ಯಾವ ಕೋಡೂ ಹಾಕತಕ್ಕದ್ದಲ್ಲ’ ಎಂಬ ಒಂದು ಸಾಲು ಸೇರಿಸುವುದಕ್ಕೆ ಯಾವ ಖರ್ಚೂ ಇಲ್ಲ. ನಮ್ಮ ಅಳಿಯ ಬರೆದುಕೊಟ್ಟ ಕನ್ನಡದ ಕರಡು ಒಂದು ಸಿದ್ಧವಿದೆ. ಅದರ ಪ್ರತಿಯನ್ನು ಸಂಘದ ಕಚೇರಿಯಲ್ಲಿ ಇಟ್ಟಿದ್ದೇವೆ, ಬೇಕಾದವರು ತೆಗೆದುಕೊಳ್ಳಬಹುದು, ತಪ್ಪಿದ್ದರೆ ತಿದ್ದಿ ಕೊಡಬಹುದು.